ಮನಸ್ಸಿನ ಮಾತ್ರೆ, ಹಲ್ಲಿನ ಕುರ್ಚಿ: ಮಂಡ್ಯದಿಂದ ಮೈಸೂರಿಗೆ 14 ಸಲ

ಕಳೆದ ವಾರ ನನ್ನ ಹಲ್ಲಿನ ಚಿಕಿತ್ಸೆ ಮುಗಿಯಿತು. 2025ರ ಜೂನ್‌ನಲ್ಲಿ ಶುರುವಾಗಿದ್ದು ನವೆಂಬರ್ ಕೊನೆಗೆ ಮುಗಿದಿದೆ. ಮಂಡ್ಯದಿಂದ ಮೈಸೂರಿಗೆ 14 ಸಲ ಓಡಾಡಿದ್ದೇನೆ. 10 ಹಲ್ಲು ಹುಳುಕಾಗಿದ್ದವು. ಒಂದನ್ನು ಕೀಳಿಸಿದೆ. ಎರಡಕ್ಕೆ ರೂಟ್ ಕೆನಾಲ್ ಆಯಿತು, ಅಂದರೆ ಬೇರಿನ ಒಳಗೆ ಕೆಟ್ಟಿದ್ದನ್ನು ತೆಗೆದು ಮುಚ್ಚಿದರು. ಏಳಕ್ಕೆ ಸಿಮೆಂಟ್ ತುಂಬಿದರು. ಇದರ ಬೇರು ಹುಡುಕಿಕೊಂಡು ಹೋದರೆ ನನ್ನ ಅವ್ವ ತೀರಿಕೊಂಡ ದಿನಕ್ಕೆ ಹೋಗಿ ನಿಲ್ಲುತ್ತದೆ.

ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು, ಮನೆಯಲ್ಲಿ ಅಂಥವರನ್ನು ನೋಡಿಕೊಳ್ಳುತ್ತಿರುವವರು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಇಷ್ಟು ಹಲ್ಲು ಹಾಳಾಗುತ್ತಿರಲಿಲ್ಲ.

ನಾನು ಟೈಲರ್. ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತೇನೆ. 2024ರ ಸಂಕ್ರಾಂತಿ ಕಳೆದ ಮೇಲೆ ಅವ್ವ ಹೋದಳು. ತಿಥಿ ಮುಗಿಯುವ ತನಕ ಗಟ್ಟಿಯಾಗಿದ್ದೆ. ನೆಂಟರೆಲ್ಲ ಹೊರಟ ಮೇಲೆ ಮಲಗಿದವಳು ಏಳಲೇ ಇಲ್ಲ ಅನ್ನಬಹುದು. ಗಿರಾಕಿಗಳ ಬಟ್ಟೆ ಗಂಟು ಗಂಟಾಗಿ ಮೂಲೆಯಲ್ಲಿ ಬಿದ್ದಿರುತ್ತಿತ್ತು.

ಹಲ್ಲುಜ್ಜುವುದನ್ನು ಯಾವ ದಿನ ಬಿಟ್ಟೆ ಅಂತ ನನಗೆ ಗೊತ್ತಿಲ್ಲ. ಎರಡು ನಿಮಿಷದ ಕೆಲಸ ಅಲ್ವಾ ಅಂತ ಆರೋಗ್ಯವಾಗಿರುವವರಿಗೆ ಅನ್ನಿಸುತ್ತದೆ. ಆದರೆ ಅದಕ್ಕೆ ಏಳಬೇಕು, ಬಚ್ಚಲಿಗೆ ಹೋಗಬೇಕು, ಕನ್ನಡಿಯಲ್ಲಿ ಮುಖ ನೋಡಿಕೊಳ್ಳಬೇಕು. ನನ್ನ ಮುಖ ನೋಡಿಕೊಳ್ಳುವುದೇ ನನಗೆ ಆಗುತ್ತಿರಲಿಲ್ಲ. ಹೊರಗೆ ಹೋಗುವ ದಿನ ಮಾತ್ರ ಉಜ್ಜುತ್ತಿದ್ದೆ. ಬರಬರುತ್ತಾ ಹೊರಗೆ ಹೋಗುವ ದಿನಗಳೇ ಕಡಿಮೆಯಾದವು. ಅನ್ನ ಸೇರುತ್ತಿರಲಿಲ್ಲ. ಟೀ, ಬನ್ನು, ಬಿಸ್ಕತ್ತು ಅಷ್ಟೇ. ನಾನು ಊಟ ಬಿಟ್ಟಿದ್ದು, ನಿದ್ದೆಗೆಟ್ಟಿದ್ದು ನಮ್ಮ ಮನೆಯವರ ಕಣ್ಣಿಗೆ ಬಿತ್ತು. ಬ್ರಷ್ಷು ಒಣಗಿ ಕೂತಿದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಅದೇ 2024ರ ಜೂನ್‌ನಲ್ಲಿ ನನ್ನ ತಂಗಿ ಬಲವಂತ ಮಾಡಿ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಖಿನ್ನತೆ ಅಂದರು. ಎಸ್ಸಿಟಲೋಪ್ರಾಮ್ 10 ಮಿಲಿಗ್ರಾಂ ಕೊಟ್ಟರು. ಅದೇ ಸಮಯದಲ್ಲಿ ದಿನಾ ಬೆಳಿಗ್ಗೆ ತಲೆನೋವು ಬರುತ್ತಿತ್ತು. ಅದಕ್ಕೆ ಬೇರೆ ಡಾಕ್ಟರ ಹತ್ತಿರ ಹೋದೆ. ಅವರು ರಾತ್ರಿಗೆ ಅಮಿಟ್ರಿಪ್ಟಿಲಿನ್ 25 ಮಿಲಿಗ್ರಾಂ ಬರೆದರು. ಈ ಚೀಟಿಯನ್ನು ಮನೋವೈದ್ಯರಿಗೆ ತೋರಿಸಲಿಲ್ಲ. ಆ ಚೀಟಿಯನ್ನು ಇವರಿಗೆ ತೋರಿಸಲಿಲ್ಲ. ತಲೆನೋವಿಗೂ ಮನಸ್ಸಿಗೂ ಏನು ಸಂಬಂಧ ಅಂದುಕೊಂಡಿದ್ದೆ.

ಮಾತ್ರೆ ಕೆಲಸ ಮಾಡಿತು. ಇದನ್ನು ಒತ್ತಿ ಹೇಳುತ್ತೇನೆ, ಮುಂದೆ ಬರೆಯುವುದನ್ನು ಓದಿ ಯಾರೂ ಮಾತ್ರೆಗೆ ಹೆದರಬಾರದು. ಒಂದೂವರೆ ತಿಂಗಳಲ್ಲಿ ಎದ್ದು ಕೂತೆ. ಗೌರಿ ಹಬ್ಬದ ಹೊತ್ತಿಗೆ ಮತ್ತೆ ಮಿಷನ್ ತುಳಿಯುತ್ತಿದ್ದೆ. ಬದುಕು ವಾಪಸ್ಸು ಬಂತು.

ಜೊತೆಗೆ ಬಾಯಿ ಒಣಗಲು ಶುರುವಾಯಿತು. ರಾತ್ರಿ ಎಚ್ಚರವಾದರೆ ನಾಲಿಗೆ ಅಂಗುಳಿಗೆ ಅಂಟಿಕೊಂಡಿರುತ್ತಿತ್ತು. ಚಪಾತಿ ಅಗಿದರೆ ಹಿಟ್ಟಿನ ಹಾಗೆ ಬಾಯಲ್ಲೇ ಉಳಿಯುತ್ತಿತ್ತು. ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುವುದರಿಂದ ಅದೊಂದು ಸಲೀಸಾಗಿ ಇಳಿಯುತ್ತಿತ್ತು. ಬಾಯಿ ಹಸಿಯಾಗಿರಲಿ ಅಂತ ಕಲ್ಲುಸಕ್ಕರೆ ಇಟ್ಟುಕೊಳ್ಳುವ ಅಭ್ಯಾಸ ಮಾಡಿಕೊಂಡೆ. ಹೊಲಿಯುವಾಗ ಒಂದು, ಮಲಗುವಾಗ ಒಂದು. ಪೆಪ್ಪರ್‌ಮಿಂಟ್ ಸಿಕ್ಕರೆ ಅದೂ ಆಯಿತು. ಎಂಟು ತಿಂಗಳು ಹೀಗೇ ನಡೆಯಿತು. ನನ್ನ ಹಲ್ಲು ಹಾಳಾಗಿದ್ದು ಮುಖ್ಯವಾಗಿ ಈ ಎಂಟು ತಿಂಗಳಲ್ಲಿ.

ಎಂಜಲು ಅಂದರೆ ಏನು ಅಂತ ನನಗೆ ಆಮೇಲೆ ಗೊತ್ತಾಯಿತು. ತಿಂದಿದ್ದನ್ನು ತೊಳೆಯುವುದು ಅದೇ. ಬಾಯಲ್ಲಿ ಹುಟ್ಟುವ ಹುಳಿಯನ್ನು ತಗ್ಗಿಸುವುದು ಅದೇ. ಹಲ್ಲಿನಿಂದ ಸವೆದು ಹೋದ ಸುಣ್ಣದ ಅಂಶವನ್ನು ವಾಪಸ್ಸು ಕೊಡುವುದೂ ಅದೇ. ಎಂಜಲು ಕಡಿಮೆಯಾದ ಬಾಯಲ್ಲಿ ಸಕ್ಕರೆ ಇಟ್ಟುಕೊಂಡು ಮಲಗಿದರೆ ರಾತ್ರಿಯಿಡೀ ಹಲ್ಲು ಹುಳಿಯಲ್ಲಿ ನೆನೆಯುತ್ತದೆ. ಒಸಡಿನ ಅಂಚಿನಲ್ಲಿ, ಬೇರಿನ ಹತ್ತಿರ ಹುಳುಕು ಬೇಗ ಹಿಡಿಯುತ್ತದೆ. ನನಗೆ ಅಲ್ಲೇ ಹಿಡಿದಿತ್ತು.

2025ರ ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಬ್ಲೌಸಿನ ದಾರ ಹಲ್ಲಿನಿಂದ ಕಚ್ಚಿದೆ. 20 ವರ್ಷದ ಅಭ್ಯಾಸ. ದಾರ ತುಂಡಾಗಲಿಲ್ಲ, ಹಲ್ಲು ತುಂಡಾಯಿತು. ಆ ಚೂರನ್ನು ಅಂಗೈಯಲ್ಲಿ ಇಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಅಂದಿನಿಂದ ಬಾಯಿ ಬಿಟ್ಟು ನಗುವುದನ್ನು ನಿಲ್ಲಿಸಿದೆ. ಅಳತೆ ಕೊಡಲು ಬಂದವರ ಹತ್ತಿರ ಮುಖ ತಿರುಗಿಸಿಕೊಂಡು ಮಾತಾಡುತ್ತಿದ್ದೆ. ಬಾಯಿ ವಾಸನೆ ಬರುತ್ತಿದೆಯೇನೋ ಅನ್ನುವ ಅನುಮಾನ. ನಾದಿನಿಯ ಮಗಳ ಮದುವೆಗೆ ಹೋಗಲಿಲ್ಲ. ಮಾತ್ರೆಯಿಂದ ಸರಿಹೋಗಿದ್ದ ಮನಸ್ಸು ಈ ಹಲ್ಲಿನಿಂದ ಮತ್ತೆ ಕುಗ್ಗತೊಡಗಿತು.

ನೋವು ಬಂದ ಮೇಲೂ ಏಳು ವಾರ ಲವಂಗದ ಎಣ್ಣೆ ಇಟ್ಟುಕೊಂಡು ತಳ್ಳಿದೆ. ಏಪ್ರಿಲ್‌ನಲ್ಲಿ ತಡೆಯಲಾಗದೆ ಒಂದು ಕ್ಲಿನಿಕ್‌ಗೆ ಹೋದೆ. ಅಲ್ಲಿ ಒಂದು ಫಾರಂ ಕೊಟ್ಟರು. ಸಕ್ಕರೆ ಕಾಯಿಲೆ ಇದೆಯಾ, ಬಿಪಿ ಇದೆಯಾ, ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ. ಪಕ್ಕದಲ್ಲೇ ನಮ್ಮ ಬೀದಿಯ ಹೆಂಗಸೊಬ್ಬರು ಕೂತಿದ್ದರು. ನಾನು 'ಇಲ್ಲ' ಅಂತ ಗೀಟು ಹಾಕಿದೆ. ಆ ಒಂದು ಗೀಟು ನನಗೆ ಎರಡು ತಿಂಗಳ ಕಷ್ಟ ತಂದಿತು.

ಡಾಕ್ಟರು ಬಾಯಿ ನೋಡಿ ಗದರಿದರು. "ಇಷ್ಟು ದಿನ ಏನು ಮಾಡ್ತಿದ್ರಿ? ಹಲ್ಲು ಉಜ್ಜೋಕೂ ಟೈಮ್ ಇಲ್ವಾ?" ನನ್ನ ಹತ್ತಿರ ಉತ್ತರ ಇತ್ತು, ಬಾಯಿ ಬರಲಿಲ್ಲ. ಎಲ್ಲ ಸೇರಿ 48,000 ರೂಪಾಯಿ ಆಗುತ್ತದೆ ಅಂದರು. ನೋವಿಗೆ ಡೈಕ್ಲೋಫಿನಾಕ್ ಬರೆದುಕೊಟ್ಟರು. ಬಸ್ ಸ್ಟಾಪಿನಲ್ಲಿ ನಿಂತು ಅತ್ತೆ. 10 ದಿನ ಆ ನೋವಿನ ಮಾತ್ರೆ ನುಂಗಿದೆ. ಹೊಟ್ಟೆ ಉರಿ ಬಂತು. ಎಸ್ಸಿಟಲೋಪ್ರಾಮ್ ಥರದ ಮಾತ್ರೆ ತೆಗೆದುಕೊಳ್ಳುವವರು ಡೈಕ್ಲೋಫಿನಾಕ್, ಐಬುಪ್ರೊಫೆನ್ ಥರದ್ದನ್ನು ಜೊತೆಗೆ ನುಂಗಿದರೆ ಹೊಟ್ಟೆಯಲ್ಲಿ ರಕ್ತ ಒಸರುವ ಸಂಭವ ಜಾಸ್ತಿಯಂತೆ. ಫಾರಂನಲ್ಲಿ ನಿಜ ಬರೆದಿದ್ದರೆ ಆ ಡಾಕ್ಟರಿಗೆ ಅದು ಗೊತ್ತಾಗುತ್ತಿತ್ತು. ಮನಸ್ಸಿನ ವಿಪರೀತ ಏರಿಳಿತದ ಕಾಯಿಲೆಗೆ ಲಿಥಿಯಂ ಅನ್ನುವ ಮಾತ್ರೆ ತೆಗೆದುಕೊಳ್ಳುವವರಂತೂ ಇನ್ನೂ ಹುಷಾರಾಗಿರಬೇಕು. ಇಂಥ ನೋವಿನ ಮಾತ್ರೆಯಿಂದ ರಕ್ತದಲ್ಲಿ ಲಿಥಿಯಂ ಅಪಾಯದ ಮಟ್ಟಕ್ಕೆ ಏರಬಹುದು.

ಆ ರಾತ್ರಿಗಳಲ್ಲಿ ಫೋನಿನಲ್ಲಿ ಹುಡುಕಿದೆ. ಮಾನಸಿಕ ಕಾಯಿಲೆಯ ಮಾತ್ರೆಗಳಿಂದ ಬಾಯಿ ಒಣಗುತ್ತದೆ, ಹಲ್ಲು ಹುಳುಕಾಗುತ್ತದೆ ಅಂತ ಓದಿದೆ. ಸಿಟ್ಟು ಬಂತು. ಯಾರನ್ನೂ ಕೇಳದೆ ಎರಡೂ ಮಾತ್ರೆ ನಿಲ್ಲಿಸಿಬಿಟ್ಟೆ. ದಯವಿಟ್ಟು ಹೀಗೆ ಮಾಡಬೇಡಿ. ಮೂರನೇ ದಿನ ತಲೆ ಸುತ್ತು. ಕತ್ತು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ವಾಕರಿಕೆ, ಕೆಟ್ಟ ಕನಸು. ಎರಡು ವಾರದಲ್ಲಿ ಮತ್ತೆ ಹಾಸಿಗೆ ಹಿಡಿದೆ. ಬ್ರಷ್ಷು ಮತ್ತೆ ಒಣಗಿತು.

ಮೇ ತಿಂಗಳಲ್ಲಿ ತಂಗಿ ಮತ್ತೆ ಮನೋವೈದ್ಯರ ಹತ್ತಿರ ಕೂರಿಸಿದಳು. ಬಯ್ಯುತ್ತಾರೆ ಅಂತ ಹೆದರಿದ್ದೆ. ಅವರು ಬಯ್ಯಲಿಲ್ಲ. ಮೊದಲ ಸಲ ಅವರಿಗೆ ಬಾಯಿ ತೆರೆದು ತೋರಿಸಿದೆ, ತಲೆನೋವಿನ ಚೀಟಿಯನ್ನೂ ಕೊಟ್ಟೆ. ಅವರು ಬಿಡಿಸಿ ಹೇಳಿದರು. ಎಸ್ಸಿಟಲೋಪ್ರಾಮ್‌ನಿಂದ ಬಾಯಿ ಸ್ವಲ್ಪ ಒಣಗಬಹುದು, ಅಮಿಟ್ರಿಪ್ಟಿಲಿನ್‌ನಿಂದ ತುಂಬಾ ಒಣಗುತ್ತದೆ. ಮೊದಲನೆಯದನ್ನು ಮತ್ತೆ ಶುರು ಮಾಡೋಣ, ಎರಡನೆಯದನ್ನು ಸದ್ಯಕ್ಕೆ 10 ಮಿಲಿಗ್ರಾಂ ಮಾಡಿ ಆಮೇಲೆ ನಿಲ್ಲಿಸೋಣ ಅಂದರು. ಮಾತ್ರೆ ಬದಲಾಯಿಸುವ, ಇಳಿಸುವ ದಾರಿ ಇದ್ದೇ ಇದೆ. ಆದರೆ ಅದನ್ನು ಬರೆದವರೇ ಮಾಡಬೇಕು.

"ಹಲ್ಲಿನ ಡಾಕ್ಟರಿಗೆ ಒಂದು ಪತ್ರ ಕೊಡುತ್ತೇನೆ" ಅಂದರು. ನಾನು ಬೇಡ ಅಂದೆ. ಊರಿಗೆಲ್ಲ ಗೊತ್ತಾಗುತ್ತದೆ ಅನ್ನುವ ಭಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ರೋಗಿಯ ವಿಷಯ ಗುಟ್ಟಾಗಿರಬೇಕು ಅಂತ ಇದೆ, ನೀವು ಒಪ್ಪಿದಷ್ಟನ್ನೇ ಬರೆಯುತ್ತೇನೆ ಅಂದರು. ಪತ್ರದಲ್ಲಿ ನಾಲ್ಕೇ ಸಾಲು. ಮಾತ್ರೆಗಳ ಹೆಸರು, ಪ್ರಮಾಣ, ಬಾಯಿ ಒಣಗುತ್ತಿದೆ, ರೋಗಿಗೆ ಹಲ್ಲಿನ ಚಿಕಿತ್ಸೆಯ ಭಯ ಇದೆ. ಅವ್ವನ ವಿಷಯ ಇಲ್ಲ, ಅತ್ತಿದ್ದು ಇಲ್ಲ. ನೀವೂ ಇಂಥ ಪತ್ರ ಕೇಳಿ ತೆಗೆದುಕೊಳ್ಳಿ. ಅದರ ಎರಡು ಜೆರಾಕ್ಸ್ ಮಾಡಿಸಿಕೊಳ್ಳಿ. ಒಂದನ್ನು ಆಸ್ಪತ್ರೆಯವರು ಫೈಲಿನಲ್ಲಿ ಇಟ್ಟುಕೊಳ್ಳುತ್ತಾರೆ.

ಖರ್ಚು ಕಡಿಮೆ ಅಂತ ಮೈಸೂರಿನ ಒಂದು ಡೆಂಟಲ್ ಕಾಲೇಜಿಗೆ ಹೋಗುವುದು ಅಂತ ತೀರ್ಮಾನ ಮಾಡಿದೆ. ಮಂಡ್ಯದಿಂದ ಬೆಳಿಗ್ಗೆ ಏಳರ ಬಸ್ಸು. ಶಕ್ತಿ ಯೋಜನೆಯಿಂದ ನಮ್ಮಂಥ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲ, ಆದರೆ ಆಧಾರ್ ಥರದ ಗುರುತಿನ ಚೀಟಿ ಜೊತೆಯಲ್ಲಿರಬೇಕು. ಒಂದು ದಿನ ಮರೆತು ಎರಡೂ ಕಡೆ ದುಡ್ಡು ಕೊಟ್ಟೆ. ಮೊದಲ ದಿನ ಇಡೀ ದಿನ ಬೇಕು, ಬುತ್ತಿ ಕಟ್ಟಿಕೊಂಡು ಹೋಗಿ. ಚೀಟಿ ಮಾಡಿಸಲು ಒಂದು ಸಾಲು. ಮೊದಲು ಬಾಯಿ ಪರೀಕ್ಷೆ ಮಾಡುವ ಓರಲ್ ಮೆಡಿಸಿನ್ ಅನ್ನುವ ವಿಭಾಗದಲ್ಲಿ ಎರಡನೇ ಸಾಲು. ಎಕ್ಸ್‌ರೇಗೆ ಮೂರನೆಯದು. ಒಪಿಜಿ ಅಂತ ಒಂದು ಎಕ್ಸ್‌ರೇ ತೆಗೆಯುತ್ತಾರೆ. ನಾವು ನಿಂತಿರುತ್ತೇವೆ, ಯಂತ್ರ ತಲೆಯ ಸುತ್ತ ತಿರುಗುತ್ತದೆ. ಏನೂ ನೋವಿಲ್ಲ. ಮಧ್ಯಾಹ್ನ ಎರಡಾದರೂ ನನ್ನ ಹಲ್ಲಿಗೆ ಯಾರೂ ಕೈ ಹಚ್ಚಿರಲಿಲ್ಲ. ಎದ್ದು ಹೋಗಿಬಿಡೋಣ ಅಂತ ಮೂರು ಸಲ ಅನ್ನಿಸಿತು. ತಂಗಿ ಕೈ ಬಿಡಲಿಲ್ಲ.

ಓರಲ್ ಮೆಡಿಸಿನ್‌ನಲ್ಲಿ ಒಬ್ಬ ಪಿಜಿ ಹುಡುಗಿ, ಅಂದರೆ ಹಲ್ಲಿನ ಡಾಕ್ಟರಾದ ಮೇಲೆ ಮುಂದಕ್ಕೆ ಓದುತ್ತಿರುವವಳು, ಪತ್ರ ಓದಿದಳು. ಓದಿ ಒಳ್ಳೆಯದಾಯಿತು ತಂದಿದ್ದು ಅಂದಳು. ಮುಖದಲ್ಲಿ ಏನೂ ಬದಲಾಗಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ. ಬಿಪಿ ಮಾತ್ರೆ ಅಂದರೆ ಹೇಗೆ ಬರೆದುಕೊಳ್ಳುತ್ತಾರೋ ಹಾಗೇ ಬರೆದುಕೊಂಡಳು. ಮರಗಟ್ಟಿಸುವ ಇಂಜೆಕ್ಷನ್‌ನಲ್ಲಿ ಅಡ್ರಿನಲಿನ್ ಇರುತ್ತದೆ, ಅಮಿಟ್ರಿಪ್ಟಿಲಿನ್ ತೆಗೆದುಕೊಳ್ಳುವವರಿಗೆ ಅದನ್ನು ಅಳತೆ ನೋಡಿ ಕೊಡಬೇಕು, ಹಾಗಾಗಿ ಮುಖ್ಯ ಅಂದಳು. ನೋವಿಗೆ ಪ್ಯಾರಾಸಿಟಮಾಲ್ ಬರೆದಳು.

ಆಮೇಲೆ ನನ್ನ ಕೆನ್ನೆಯ ಎರಡೂ ಕಡೆ, ದವಡೆಯ ಮೂಲೆಯಲ್ಲಿ ಬೆರಳಿಟ್ಟು ಒತ್ತಿದಳು. ಪ್ರಾಣ ಹೋಗುವಷ್ಟು ನೋವಾಯಿತು. ಬೆಳಿಗ್ಗೆ ತಲೆನೋವು ಬರುತ್ತದಾ ಅಂತ ಕೇಳಿದಳು. ನನ್ನ ಹಲ್ಲುಗಳ ತುದಿ ಸವೆದು ಚಪ್ಪಟೆಯಾಗಿದ್ದನ್ನು ಕನ್ನಡಿಯಲ್ಲಿ ತೋರಿಸಿದಳು. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದೆ. ಚಿಂತೆ, ಆತಂಕ ಇರುವವರಲ್ಲಿ ಇದು ಜಾಸ್ತಿ. ಕೆಲವರಿಗೆ ಎಸ್ಸಿಟಲೋಪ್ರಾಮ್‌ನಂಥ ಮಾತ್ರೆಯಿಂದಲೂ ಹೆಚ್ಚಾಗುತ್ತದೆ. ಅಂದರೆ ಹಲ್ಲು ಕಡಿದು ಬರುತ್ತಿದ್ದ ತಲೆನೋವಿಗೆ ನಾನು ಮಾತ್ರೆ ನುಂಗಿದೆ. ಆ ಮಾತ್ರೆಯಿಂದ ಬಾಯಿ ಒಣಗಿತು. ಒಣಗಿದ ಬಾಯಿಗೆ ಕಲ್ಲುಸಕ್ಕರೆ ಇಟ್ಟೆ. ಒಂದು ವರ್ಷ ಮೂವರು ಡಾಕ್ಟರ ಹತ್ತಿರ ಹೋಗಿದ್ದೆ, ಮೂವರಿಗೂ ಒಂದೊಂದು ತುಂಡು ಮಾತ್ರ ಹೇಳಿದ್ದೆ.

ಕುರ್ಚಿಯ ವಿಷಯ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಭಯ ಇರುವವರಿಗೆ ಬೇಕಾಗುತ್ತದೆ. ರೂಟ್ ಕೆನಾಲ್ ಮಾಡುವಾಗ ಬಾಯಿಗೆ ರಬ್ಬರ್ ಹಾಳೆಯೊಂದನ್ನು ಕಟ್ಟುತ್ತಾರೆ. ಹಲ್ಲು ಮಾತ್ರ ಹೊರಗೆ ಕಾಣುತ್ತದೆ. ಔಷಧಿ, ಸೂಜಿ ಗಂಟಲಿಗೆ ಜಾರದಿರಲಿ ಅಂತ. ನನಗೆ ಉಸಿರು ಕಟ್ಟಿತು, ಎದೆ ಹೊಡೆದುಕೊಂಡಿತು, ಎದ್ದು ಕೂತುಬಿಟ್ಟೆ. ಹಿಂದಿನ ಕ್ಲಿನಿಕ್‌ನ ಗದರಿಕೆ ಕಿವಿಯಲ್ಲಿತ್ತು. ಇಲ್ಲಿಯ ಪಿಜಿ ಡಾಕ್ಟರು ಹಾಳೆ ತೆಗೆದು ನೀರು ಕೊಟ್ಟರು. ಪತ್ರದ ಕೊನೆಯ ಸಾಲು ಅವರಿಗೆ ನೆನಪಿತ್ತು. ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ನಾನು ಎಡಗೈ ಎತ್ತಿದರೆ ಅವರು ತಕ್ಷಣ ನಿಲ್ಲಿಸಬೇಕು. ಮೊದಲ ದಿನ 11 ಸಲ ಎತ್ತಿದೆ. 11 ಸಲವೂ ನಿಲ್ಲಿಸಿದರು. ಎರಡನೇ ಹಲ್ಲಿನ ಹೊತ್ತಿಗೆ ಎರಡೇ ಸಲ. ನೀವೂ ಇಂಜೆಕ್ಷನ್‌ಗೆ ಮೊದಲೇ ಇದನ್ನು ಮಾತಾಡಿಕೊಳ್ಳಿ. ಬೆಳಗಿನ ಮೊದಲ ಸಮಯ ಕೇಳಿ, ಕಾಯುತ್ತಾ ಕೂತರೆ ಭಯ ಬೆಳೆಯುತ್ತದೆ. ತಿಂಡಿ ತಿಂದು ಹೋಗಿ.

ಕಾಲೇಜಿನಲ್ಲಿ ನಿಧಾನ ಅನ್ನುವುದಕ್ಕೆ ಸಿದ್ಧರಾಗಿ. ಪ್ರತಿ ಹಂತಕ್ಕೂ ಹಿರಿಯ ಡಾಕ್ಟರು ಬಂದು ನೋಡಿ ಸಹಿ ಹಾಕಬೇಕು. ಒಂದು ಹಲ್ಲಿಗೆ ಎರಡು ಗಂಟೆ ಆಗಿದ್ದೂ ಇದೆ. ನಡುವೆ ಪರೀಕ್ಷೆ ಬಂದು ನನ್ನ ಡಾಕ್ಟರು ಬದಲಾದರು. ಹೊಸಬರಿಗೆ ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಆಗ ಜೆರಾಕ್ಸ್ ಉಪಯೋಗಕ್ಕೆ ಬಂತು.

ನಾನು ಎಣಿಸದೇ ಇದ್ದ ತೊಂದರೆ ದಸರಾ. 2025ರಲ್ಲಿ ಅದು ಸೆಪ್ಟೆಂಬರ್ 22ಕ್ಕೆ ಶುರುವಾಗಿ ಅಕ್ಟೋಬರ್ 2ಕ್ಕೆ ಜಂಬೂಸವಾರಿ. ನನ್ನ ಎರಡನೇ ರೂಟ್ ಕೆನಾಲ್ ಅರ್ಧದಲ್ಲಿತ್ತು. ತಾತ್ಕಾಲಿಕ ಸಿಮೆಂಟ್ ಹಾಕಿ ಹಬ್ಬ ಕಳೆದು ಬನ್ನಿ ಅಂದಿದ್ದರು. ಆಯುಧ ಪೂಜೆಯ ಹಿಂದಿನ ದಿನ ಅದು ಕಿತ್ತುಬಂತು. ಮೈಸೂರಿನ ರಸ್ತೆಗಳಲ್ಲಿ ಕಾಲಿಡಲು ಜಾಗ ಇಲ್ಲ. ಫೋನ್ ಮಾಡಿದೆ. ಉಪ್ಪುನೀರಿನಲ್ಲಿ ಮುಕ್ಕಳಿಸಿ, ಆ ಕಡೆ ಅಗಿಯಬೇಡಿ, ಊತ ಬಂದರೆ ಮಾತ್ರ ತಕ್ಷಣ ಯಾವುದಾದರೂ ಆಸ್ಪತ್ರೆಗೆ ಹೋಗಿ ಅಂದರು. ಊತ ಬರಲಿಲ್ಲ. ಆದರೆ ಆ ಐದು ದಿನ ನಿದ್ದೆ ಇರಲಿಲ್ಲ. ಹಬ್ಬದ ಆಸುಪಾಸಿನಲ್ಲಿ ಚಿಕಿತ್ಸೆ ಇದ್ದರೆ ಮೊದಲೇ ಮಾತಾಡಿ ಮುಗಿಸಿಕೊಳ್ಳಿ, ವಿಭಾಗದ ಫೋನ್ ನಂಬರ್ ಇಟ್ಟುಕೊಳ್ಳಿ.

ಖರ್ಚಿನ ಲೆಕ್ಕ ಬರೆದಿಟ್ಟಿದ್ದೇನೆ. ಚೀಟಿ 50, ಒಪಿಜಿ 300, ಹಲ್ಲು ಕ್ಲೀನಿಂಗ್ 400, ಹಲ್ಲು ಕೀಳಿಸಿದ್ದು 150. ಏಳು ಹಲ್ಲಿಗೆ ಸಿಮೆಂಟ್ ತಲಾ 300ರಂತೆ 2,100. ಎರಡು ರೂಟ್ ಕೆನಾಲ್ 3,000. ಅವುಗಳ ಮೇಲೆ ಹಾಕುವ ಎರಡು ಟೋಪಿ, ಅಂದರೆ ಕ್ಯಾಪ್, 5,000. ಫ್ಲೋರೈಡ್ ಹಚ್ಚಿದ್ದು 300. ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ನೈಟ್ ಗಾರ್ಡ್ 1,200. ಒಟ್ಟು 12,500 ರೂಪಾಯಿ. ಇದಲ್ಲದೆ 14 ದಿನದ ದುಡಿಮೆ ಹೋಯಿತು. ದಿನಕ್ಕೆ ಎರಡು ಬ್ಲೌಸ್ ಅಂದರೂ 28 ಬ್ಲೌಸ್. ಕೀಳಿಸಿದ ಹಲ್ಲಿನ ಜಾಗ ಇನ್ನೂ ಖಾಲಿ ಇದೆ, ದುಡ್ಡು ಕೂಡಿದಾಗ ನೋಡೋಣ.

ಈಗ ಮನೆಯಲ್ಲಿ ಏನು ಮಾಡುತ್ತೇನೆ ಅಂದರೆ, ಕಲ್ಲುಸಕ್ಕರೆ ಡಬ್ಬಿ ದೇವರ ಮನೆಗೆ ಹೋಗಿದೆ. ಮಿಷನ್ ಪಕ್ಕ ನೀರಿನ ಬಾಟಲಿ, ಗುಟುಕು ಗುಟುಕಾಗಿ ಕುಡಿಯುತ್ತೇನೆ. ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಅಗಿದರೆ ಎಂಜಲು ಊರುತ್ತದೆ. ಹಲ್ಲುಪುಡಿ ಬಿಟ್ಟು ಫ್ಲೋರೈಡ್ ಇರುವ ಪೇಸ್ಟ್ ತಂದೆ. ಪೊಟ್ಟಣದ ಮೇಲೆ ಫ್ಲೋರೈಡ್ ಪ್ರಮಾಣ 1000 ಪಿಪಿಎಂ ಅಂತ ಇದೆಯಾ ನೋಡಿಕೊಳ್ಳಿ. ಉಜ್ಜಿದ ಮೇಲೆ ನೊರೆ ಉಗುಳಿ ಸುಮ್ನೆ ಬಿಡಬೇಕು, ತುಂಬಾ ನೀರು ಹಾಕಿ ಮುಕ್ಕಳಿಸಿದರೆ ಫ್ಲೋರೈಡ್ ತೊಳೆದು ಹೋಗುತ್ತದೆ. ಇದು ನನಗೆ ಗೊತ್ತೇ ಇರಲಿಲ್ಲ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ, ಬಾಯಿ ಇನ್ನೂ ಒಣಗುತ್ತದೆ.

ಮನಸ್ಸು ತೀರಾ ಕೆಟ್ಟ ದಿನ ಈಗಲೂ ಬರುತ್ತದೆ. ಆ ದಿನಕ್ಕೆ ಪಿಜಿ ಡಾಕ್ಟರು ಒಂದು ದಾರಿ ಹೇಳಿಕೊಟ್ಟಿದ್ದಾರೆ. ಬಚ್ಚಲಿಗೆ ಹೋಗಲು ಆಗದಿದ್ದರೆ ಹಾಸಿಗೆಯಲ್ಲೇ ಕೂತು ಉಜ್ಜಿ, ಪಕ್ಕದಲ್ಲಿ ಒಂದು ಚೊಂಬು ಇಟ್ಟುಕೊಂಡು ಉಗುಳಿ. ಕನ್ನಡಿ ಬೇಡ. ಎರಡು ಹೊತ್ತು ಆಗದಿದ್ದರೆ ರಾತ್ರಿ ಒಂದು ಹೊತ್ತು. ಅರ್ಧ ನಿಮಿಷ ಆದರೂ ಸರಿ, ಏನೂ ಮಾಡದೇ ಇರುವುದಕ್ಕಿಂತ ವಾಸಿ. ಮನೆಯವರಿಗೆ ಒಂದು ಮಾತು. ಬ್ರಷ್ಷಿಗೆ ಪೇಸ್ಟ್ ಹಾಕಿ ಕೈಗೆ ಕೊಡಿ, ಬುದ್ಧಿ ಹೇಳಬೇಡಿ. ನನ್ನ ತಂಗಿ ಅಷ್ಟನ್ನೇ ಮಾಡಿದಳು.

ಮನೋವೈದ್ಯರ ಹತ್ತಿರ ಹೋಗಲು ಇನ್ನೂ ಧೈರ್ಯ ಬರದವರಿಗೆ ಟೆಲಿ ಮನಸ್ ಅನ್ನುವ ಸರ್ಕಾರದ ಸಹಾಯವಾಣಿ ಇದೆ. 14416ಕ್ಕೆ ಫೋನ್ ಮಾಡಿದರೆ ಸಾಕು. 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮಾತ್ರೆ ನಿಲ್ಲಿಸಿದ ಆ ಎರಡು ವಾರದಲ್ಲಿ ಒಂದು ರಾತ್ರಿ ನಾನೂ ಮಾಡಿದ್ದೆ. ಮರುದಿನ ತಂಗಿಗೆ ನಿಜ ಹೇಳಿದ್ದು ಅದರಿಂದಲೇ.

ಕಳೆದ ವಾರ ನೈಟ್ ಗಾರ್ಡ್ ತರಲು ಹೋಗಿದ್ದು 14ನೇ ಸಲ. ಅದು ಕೂರುವ ಹಾಗೆ ತಿದ್ದಲು ಹೊಸ ಹೌಸ್ ಸರ್ಜನ್ ಹುಡುಗನೊಬ್ಬ, ಓದು ಮುಗಿಸಿ ತರಬೇತಿಯಲ್ಲಿರುವವನು, ಬಂದ. ಫೈಲ್ ಇನ್ನೂ ಒಳಗಿನಿಂದ ಬಂದಿರಲಿಲ್ಲ. ಹೊಸ ಹಾಳೆ ತೆಗೆದು ಕೇಳಿದ, "ಆಂಟಿ, ಯಾವುದಾದ್ರೂ ಮಾತ್ರೆ ತಗೊಳ್ತೀರಾ?" ಪಕ್ಕದ ಬೆಂಚಿನಲ್ಲಿ ಐದಾರು ಜನ ಕೂತಿದ್ದರು. ನಾನು ಚೀಲದಿಂದ ಮಾತ್ರೆಯ ಪಟ್ಟಿ ತೆಗೆದು ಅವನ ಮುಂದೆ ಇಟ್ಟೆ. "ಎಸ್ಸಿಟಲೋಪ್ರಾಮ್ 10, ಬೆಳಿಗ್ಗೆ ಒಂದು. ಖಿನ್ನತೆಗೆ" ಅಂದೆ. ಅವನು ಬರೆದುಕೊಂಡು ಮುಂದಿನ ಪ್ರಶ್ನೆ ಕೇಳಿದ.